ಹೂಪಿಂಗ್ ಅಂದ್ರೆ ಬರೀ ರಿಂಗ್ ತಿರುಗಿಸೋದಲ್ಲ: ನಾಯಿಕೆಮ್ಮಿನ ಬಗ್ಗೆಯೂ ಗೊತ್ತಿರಲಿ

ಹೂಪಿಂಗ್ ಅಂದ ಕೂಡಲೇ ಹಲವರಿಗೆ ನೆನಪಾಗೋದು ಸೊಂಟದ ಸುತ್ತ ದೊಡ್ಡ ರಿಂಗ್ ತಿರುಗಿಸುವ ರೀಲ್ಸ್. ಅದು ಹೂಲಾ ಹೂಪ್. 1958ರಲ್ಲಿ ಅಮೆರಿಕದ ವ್ಯಾಮ್-ಒ ಕಂಪನಿ ಪ್ಲಾಸ್ಟಿಕ್ ರಿಂಗ್ ಮಾರಿ ಇದರ ಹುಚ್ಚು ಹಿಡಿಸಿತು. ಹೂಪ್ ಅಂದರೆ ಬಳೆಯಂಥ ರಿಂಗ್, ಅಷ್ಟೇ. ಬಾಸ್ಕೆಟ್‌ಬಾಲ್ ಆಡೋದಕ್ಕೂ ಅಲ್ಲಿನವರು ಹೂಪಿಂಗ್ ಅಂತಾರೆ, ಚೆಂಡು ಬೀಳೋದು ರಿಂಗಿನೊಳಗೆ ತಾನೆ! ಎಂಬ್ರಾಯ್ಡರಿಗೆ ಬಟ್ಟೆಯನ್ನು ರಿಂಗಿಗೆ ಬಿಗಿಯೋದೂ ಹೂಪಿಂಗೇ.

ಆದರೆ ಡಾಕ್ಟರ್ ಹೇಳುವ ‘ಹೂಪಿಂಗ್ ಕಾಫ್’ ಬೇರೆ. ರಿಂಗಿಗೂ ಅದಕ್ಕೂ ಸಂಬಂಧವಿಲ್ಲ, ಇಂಗ್ಲಿಷ್‌ನಲ್ಲಿ ಅದರ ಸ್ಪೆಲ್ಲಿಂಗ್ ಶುರುವಾಗೋದೇ ಡಬ್ಲ್ಯೂನಿಂದ. ಅದೇ ನಮ್ಮ ನಾಯಿಕೆಮ್ಮು. ಒಂದೇ ಸಮನೆ ಕೆಮ್ಮಿದ ಮೇಲೆ ಮಗು ಉಸಿರು ಎಳೆದುಕೊಳ್ಳುವಾಗ ‘ಹೂಪ್’ ಅಂತ ಸದ್ದು ಬರುತ್ತೆ, ಅದಕ್ಕೇ ಆ ಹೆಸರು. ಬೋರ್ಡೆಟೆಲ್ಲಾ ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಕೆಮ್ಮಿದಾಗ, ಸೀನಿದಾಗ ಹರಡುತ್ತದೆ.

ಸದ್ದು ಬಂದಿಲ್ಲ ಅಂತ ಸುಮ್ಮನೆ ಕೂರಬೇಡಿ. ಎಳೆ ಕೂಸುಗಳಿಗೆ ಸದ್ದೇ ಇಲ್ಲದೆ ನಡುನಡುವೆ ಉಸಿರು ನಿಲ್ಲಬಹುದು. ಹಾಗಾದರೆ, ಇಲ್ಲವೇ ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಓಡಿ, ಮನೆಮದ್ದು ಅಂತ ಕಾಯಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಲಸಿಕೆ ಉಚಿತ. 6, 10, 14 ವಾರಕ್ಕೆ ಪೆಂಟಾವೇಲೆಂಟ್. 16ರಿಂದ 24 ತಿಂಗಳೊಳಗೆ ಡಿಪಿಟಿ ಬೂಸ್ಟರ್, 5-6 ವರ್ಷಕ್ಕೆ ಇನ್ನೊಂದು. ಮೊದಲ ಲಸಿಕೆಗೂ ಮುಂಚಿನ ಕೂಸಿದ್ದರೆ ಕೆಮ್ಮಿರುವವರು ಎತ್ತಿಕೊಳ್ಳೋದು ಬೇಡ.

ಇವತ್ತೇ ತಾಯಿ ಕಾರ್ಡ್ ತೆಗೆದು ನೋಡಿ. ಒಂದು ಡೋಸ್ ತಪ್ಪಿದ್ದರೂ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.