ಗೋಡೆಯ ಬದಿಯ ಹರಿವು ಮತ್ತು ಗಾಳಿಗುಳ್ಳೆಗಳು

ಹಡಗಿನ ತಳದಡಿ ಗಾಳಿಯ ಗುಳ್ಳೆಗಳನ್ನು ಬಿಟ್ಟರೆ ನೀರಿನ ತಡೆ ಕಡಿಮೆಯಾಗಿ ಇಂಧನ ಉಳಿಯುತ್ತದೆ. ಇದಕ್ಕೆ ಕಾರಣವೇನೆಂದು ತರಗತಿಯಲ್ಲಿ ಕೇಳಿದರೆ ಸಹಜವಾಗಿ ಬರುವ ಉತ್ತರ ಒಂದೇ: ಗಾಳಿಯು ನೀರಿಗಿಂತ ಹಗುರ, ಆದುದರಿಂದ ಹಡಗು ಸುಲಭವಾಗಿ ಜಾರುತ್ತದೆ. ಈ ಉತ್ತರ ತಪ್ಪಲ್ಲ. ಆದರೆ ಮುಂದೆ ಹೇಳಲಿರುವ ಒಂದು ಪ್ರಯೋಗದ ಪ್ರಕಾರ ಅದು ವಿವರಿಸುವುದು ಒಟ್ಟು ಪರಿಣಾಮದ ಸುಮಾರು ಹತ್ತನೆಯ ಒಂದು ಪಾಲನ್ನು ಮಾತ್ರ. ಉಳಿದ ಪಾಲನ್ನು ಅರಿಯಬೇಕಾದರೆ ಗೋಡೆಯ ಬದಿಯಲ್ಲಿ ನೀರು ಹೇಗೆ ಹರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯೊಳಗೆ ಹರಿಯುವ ನೀರಿನಲ್ಲಿ ಬಣ್ಣದ ಸಣ್ಣ ಎಳೆಯೊಂದನ್ನು ಬಿಟ್ಟು ಗಮನಿಸಿದರು. ವೇಗ ಕಡಿಮೆಯಿದ್ದಾಗ ಎಳೆ ನೇರವಾಗಿ ಸಾಗಿತು. ವೇಗ ಹೆಚ್ಚಿದಾಗ ಅದು ಮುರಿದು ಸುಳಿಸುಳಿಯಾಗಿ ಕೊಳವೆಯ ತುಂಬ ಹರಡಿತು. ಈ ಎರಡನೆಯದೇ ಪ್ರಕ್ಷುಬ್ಧ ಹರಿವು. ಗೋಡೆಗೆ ತಾಗಿದ ನೀರಿನ ವೇಗವಾದರೋ ಎರಡೂ ಬಗೆಯ ಹರಿವಿನಲ್ಲಿ ಸೊನ್ನೆಯೇ. ಕಾಲುವೆಯ ಅಂಚಿನಲ್ಲಿ ತೇಲುವ ಎಲೆ ನಡುವಣ ಎಲೆಗಿಂತ ಹಿಂದೆ ಬೀಳುವುದನ್ನು ಮಕ್ಕಳು ಕಂಡಿರುತ್ತಾರೆ. ಹೀಗೆ ವೇಗವು ಸೊನ್ನೆಯಿಂದ ಪೂರ್ಣಮಟ್ಟಕ್ಕೇರುವ ತೆಳುಪದರವನ್ನು 1904ರಲ್ಲಿ ಲುಡ್ವಿಗ್ ಪ್ರಾಂಟ್ಲ್ ಸೀಮಾಸ್ತರವೆಂದು ಗುರುತಿಸಿದರು.

ಪ್ರಕ್ಷುಬ್ಧ ಹರಿವಿನಲ್ಲಿ ಸುಳಿಗಳು ಒಂದು ಬಗೆಯ ಸಾಗಣೆದಾರರು. ದೂರದ ವೇಗದ ನೀರನ್ನು ಗೋಡೆಯ ಕಡೆಗೆ ತರುತ್ತವೆ, ಗೋಡೆಯ ಬಳಿಯ ನಿಧಾನದ ನೀರನ್ನು ಹೊರಕ್ಕೊಯ್ಯುತ್ತವೆ. ಬಂದ ನೀರು ತನ್ನ ಸಂವೇಗವನ್ನು ಗೋಡೆಯ ಬಳಿ ಕಳೆದುಕೊಳ್ಳುತ್ತದೆ. ಆ ನಷ್ಟವೇ ಘರ್ಷಣೆಯಾಗಿ ಕಾಣಿಸುತ್ತದೆ. ನಿಧಾನವಾಗಿ ಸಾಗುವ ಬೃಹತ್ ಸರಕು ಹಡಗುಗಳಲ್ಲಿ ಒಟ್ಟು ತಡೆಯ ಅರ್ಧಕ್ಕಿಂತಲೂ ಹೆಚ್ಚು ಪಾಲು ಈ ಘರ್ಷಣೆಯದೇ.

1973ರಲ್ಲಿ ಮೆಕಾರ್ಮಿಕ್ ಮತ್ತು ಭಟ್ಟಾಚಾರ್ಯ ಎಂಬ ಸಂಶೋಧಕರು ನೀರಿನಲ್ಲಿ ಎಳೆಯಲ್ಪಡುವ ಕಾಯವೊಂದರ ಮೈಮೇಲೆ ವಿದ್ಯುದ್ವಿಭಜನೆಯಿಂದ ಜಲಜನಕದ ಗುಳ್ಳೆಗಳನ್ನು ಎಬ್ಬಿಸಿ, ತಡೆ ಕಡಿಮೆಯಾಗುವುದನ್ನು ತೋರಿಸಿದರು. 1980ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಾಧವನ್, ಡಾಯ್ಚ್ ಮತ್ತು ಮರ್ಕಲ್ ಸಮತಟ್ಟಾದ ಗೋಡೆಯ ಸೂಕ್ಷ್ಮರಂಧ್ರಗಳಿಂದ ಗಾಳಿ ಬಿಟ್ಟಾಗ ಘರ್ಷಣೆ ಸ್ಥಳೀಯವಾಗಿ ಶೇ. 80ರವರೆಗೂ ಇಳಿಯಿತು. ಆದರೆ ಗಾಳಿ ಬಿಟ್ಟ ಜಾಗದಿಂದ ಮುಂದೆ ಹೋದಂತೆ ಲಾಭ ಕರಗುತ್ತಿತ್ತು.

ಗುಳ್ಳೆಯು ಮಾಡುವುದೇನು ಎಂಬ ಪ್ರಶ್ನೆಗೆ ಬೆಳಕು ಚೆಲ್ಲಿದ ಪ್ರಯೋಗ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ್ದು. ಅಲ್ಲಿ ಒಂದರೊಳಗೊಂದು ಇರುವ ಎರಡು ಉರುಳೆಗಳ ನಡುವಣ ಸುಮಾರು 8 ಸೆಂ.ಮೀ. ತೆರಪಿನಲ್ಲಿ ನೀರು ತುಂಬಿ, ಒಳಗಿನ ಉರುಳೆಯನ್ನು ವೇಗವಾಗಿ ತಿರುಗಿಸುತ್ತಾರೆ. ತಿರುಗಿಸಲು ಬೇಕಾಗುವ ಬಲವನ್ನು ಅಳೆದರೆ ಘರ್ಷಣೆ ತಿಳಿಯುತ್ತದೆ. ನೀರಿನಲ್ಲಿ ಗಾತ್ರದ ಲೆಕ್ಕದಲ್ಲಿ ಕೇವಲ ಶೇ. 4ರಷ್ಟು ಗಾಳಿಯಿದ್ದಾಗ ಘರ್ಷಣೆ ಶೇ. 40ರಷ್ಟು ತಗ್ಗಿತು. 100 ಪಾಲಿನಲ್ಲಿ 4 ಪಾಲು ಗಾಳಿಯಾದರೆ ಮಿಶ್ರಣದ ಸಾಂದ್ರತೆ ಇಳಿಯುವುದು ಶೇ. 4 ಮಾತ್ರ. ‘ಹಗುರ’ ಎಂಬ ಉತ್ತರಕ್ಕೆ ಸಲ್ಲುವ ಪಾಲು ಅಷ್ಟೇ.

2016ರಲ್ಲಿ ಅದೇ ತಂಡ ಬೇರೇನನ್ನೂ ಬದಲಿಸದೆ ನೀರಿಗೆ ಸಾಬೂನಿನ ಗುಣದ ವಸ್ತುವೊಂದನ್ನು ಹತ್ತು ಲಕ್ಷ ಪಾಲಿಗೆ 6 ಪಾಲಿನಷ್ಟು ಬೆರೆಸಿತು. ಶೇ. 40ರ ಲಾಭ ಶೇ. 4ಕ್ಕೆ ಕುಸಿಯಿತು! ಗಾಳಿಯ ಪ್ರಮಾಣ ಬದಲಾಗಿರಲಿಲ್ಲ. ಬದಲಾದದ್ದು ಗುಳ್ಳೆಯ ಗಾತ್ರ. ಶುದ್ಧ ನೀರಿನಲ್ಲಿ ಗುಳ್ಳೆಗಳು ಒಂದನ್ನೊಂದು ತಾಗಿ ಕೂಡಿಕೊಂಡು ದೊಡ್ಡವಾಗುತ್ತವೆ. ಸಾಬೂನು ಈ ಕೂಡಿಕೆಯನ್ನು ತಡೆಯುತ್ತದೆ. ಗುಳ್ಳೆಗಳು ಬಹಳ ಸಣ್ಣವಾಗಿಯೇ ಉಳಿಯುತ್ತವೆ.

ಸಣ್ಣ ಗುಳ್ಳೆ ಏಕೆ ನಿಷ್ಪ್ರಯೋಜಕ? ಮೇಲ್ಮೈ ಎಳೆತದ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಶುದ್ಧ ನೀರಿನಲ್ಲಿ 1 ಮಿ.ಮೀ. ತ್ರಿಜ್ಯದ ಗುಳ್ಳೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 144 ಪಾಸ್ಕಲ್ ಹೆಚ್ಚು, 0.1 ಮಿ.ಮೀ. ತ್ರಿಜ್ಯದ್ದಾದರೆ ಸುಮಾರು 1,440 ಪಾಸ್ಕಲ್. ಸಣ್ಣ ಗುಳ್ಳೆ ಗಟ್ಟಿ ಗೋಲಿಯಂತೆ ಸುಳಿಯೊಡನೆ ತಿರುಗುತ್ತದೆ. ದೊಡ್ಡ ಗುಳ್ಳೆ ಮಾತ್ರ ಸುಳಿಯ ಒತ್ತಡಕ್ಕೆ ಮಣಿದು ಚಪ್ಪಟೆಯಾಗುತ್ತದೆ, ಉದ್ದವಾಗುತ್ತದೆ. ಹೀಗೆ ಆಕಾರ ಬದಲಿಸಬಲ್ಲ ಗುಳ್ಳೆಗಳೇ ಗೋಡೆಯ ಬಳಿಯ ಸಾಗಣೆಯನ್ನು ಕುಂದಿಸುತ್ತವೆ. ಕುಂದಿಸುವ ಸೂಕ್ಷ್ಮ ವಿಧಾನದ ಬಗ್ಗೆ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಜಾಣ ವಿದ್ಯಾರ್ಥಿಯೊಬ್ಬ ಇಲ್ಲಿ ತಡೆದು ಕೇಳಬಹುದು: ಸಾಬೂನು ಮೇಲ್ಮೈ ಎಳೆತವನ್ನು ತಗ್ಗಿಸುತ್ತದಲ್ಲ, ಗುಳ್ಳೆ ಇನ್ನಷ್ಟು ಸುಲಭವಾಗಿ ಮಣಿಯಬೇಕಲ್ಲವೇ? ಪ್ರಶ್ನೆ ನ್ಯಾಯವಾದುದೇ. ಆದರೆ ಗಾತ್ರ ಕುಗ್ಗಿದ್ದರ ಪರಿಣಾಮ ಅದನ್ನು ಮೀರಿಸುತ್ತದೆ.

ಗುಳ್ಳೆ ಎಲ್ಲೆಡೆಯೂ ಉಪಕಾರಿ ಎಂದು ಕಲಿಸಲಾಗದು. ಕೊಳವೆಯಲ್ಲಿ ನೀರು ಮೇಲ್ಮುಖವಾಗಿ ನಿಧಾನವಾಗಿ ಹರಿಯುವಾಗ ಸಣ್ಣ ಗುಳ್ಳೆಗಳು ಗೋಡೆಯ ಬಳಿ ಗುಂಪುಗೂಡಿ ಘರ್ಷಣೆಯನ್ನು ಹೆಚ್ಚಿಸುವುದೂ ಉಂಟು. ಹಡಗಿನಲ್ಲಾದರೆ ಗಾಳಿಯನ್ನು ನೀರಿನಡಿಗೆ ತಳ್ಳಲು ಸಂಪೀಡಕ ಯಂತ್ರ ದುಡಿಯಬೇಕು. ಆ ಶಕ್ತಿಯನ್ನು ಕಳೆದು ಉಳಿದದ್ದೇ ನಿಜವಾದ ಲಾಭ. ತಳ ಚಪ್ಪಟೆಯಾಗಿದ್ದರೆ ಮೇಲೇರಲು ಹವಣಿಸುವ ಗುಳ್ಳೆಗಳು ಅಲ್ಲಿಯೇ ಒತ್ತಿಕೊಂಡಿರುತ್ತವೆ. ಸಮುದ್ರದ ಉಪ್ಪು ಮತ್ತೊಂದು ತೊಡಕು: ಅದೂ ಗುಳ್ಳೆಗಳ ಕೂಡಿಕೆಯನ್ನು ತಡೆಯುತ್ತದೆ. ಸಿಹಿನೀರಿನ ಪ್ರಯೋಗಶಾಲೆಯ ಅಂಕಿಗಳನ್ನು ಸಮುದ್ರಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ.

ಉಪ್ಪಿನ ಈ ಗುಣವನ್ನು ಶಾಲೆಯಲ್ಲಿಯೇ ತೋರಿಸಬಹುದು. ಎರಡು ಗಾಜಿನ ಪಾತ್ರೆಗಳಲ್ಲಿ ಒಂದೊಂದು ಲೀಟರ್ ಸಿಹಿನೀರು ತೆಗೆದುಕೊಂಡು, ಒಂದಕ್ಕೆ ಸುಮಾರು 35 ಗ್ರಾಂ ಉಪ್ಪು ಕರಗಿಸಬೇಕು. ಕಾಸರಗೋಡಿನಂತಹ ಕರಾವಳಿಯ ಶಾಲೆಗಳಲ್ಲಿ ಉಪ್ಪುನೀರಿನ ಬದಲು ಸೋಸಿದ ಸಮುದ್ರದ ನೀರನ್ನೇ ಬಳಸಬಹುದು. ಮೀನಿನ ತೊಟ್ಟಿಗೆ ಬಳಸುವ ಗಾಳಿಪಂಪಿನ ಕೊಳವೆಯ ತುದಿಗೆ ಸಣ್ಣ ರಂಧ್ರಗಳ ಗಾಳಿಕಲ್ಲನ್ನು ಸಿಕ್ಕಿಸಿ ಎರಡರಲ್ಲಿಯೂ ಸರದಿಯಂತೆ ಇಳಿಬಿಡಬೇಕು. ಸಿಹಿನೀರಿನಲ್ಲಿ ದಪ್ಪ ಗುಳ್ಳೆಗಳು ಬಿಡಿಬಿಡಿಯಾಗಿ ಏರುತ್ತವೆ. ಉಪ್ಪುನೀರಿನಲ್ಲಿ ನವಿರಾದ ಗುಳ್ಳೆಗಳು ದಟ್ಟವಾಗಿ ತುಂಬಿ ನೀರು ಮಬ್ಬಾಗುತ್ತದೆ. ಈ ಪ್ರಯೋಗ ತೋರಿಸುವುದು ಗುಳ್ಳೆಯ ಗಾತ್ರವನ್ನೇ ಹೊರತು ಘರ್ಷಣೆಯನ್ನಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು.