ಕಳೆದ ಚೆಂಡಿನ ಬೆನ್ನಟ್ಟುವ ವ್ಯೂಹ

‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಕಂಪ್ಯೂಟರ್ ಆಟವನ್ನು ನಿಮ್ಮ ಮನೆಯ ಹುಡುಗರು ಆಡುವುದನ್ನು ನೀವು ಕಂಡಿರಬಹುದು. ಇದರಲ್ಲಿ ಆಡುವವನು ಚೆಂಡನ್ನು ಒದೆಯುವುದಿಲ್ಲ. ಆಟಗಾರರನ್ನು ಆರಿಸಿ, ವ್ಯೂಹವನ್ನು ಗೊತ್ತುಪಡಿಸಿ, ಫಲವನ್ನು ಎದುರುನೋಡುತ್ತಾನೆ. ಆಟವೇ ಸಿದ್ಧಪಡಿಸಿ ಕೊಡುವ ವ್ಯೂಹಗಳಲ್ಲಿ ‘ಗೇಗನ್‌ಪ್ರೆಸ್’ ಎಂಬುದೊಂದುಂಟು. ಹೆಸರು ಜರ್ಮನ್ ಮೂಲದ್ದು; ಎದುರೊತ್ತಡ ಎಂದು ನಾವು ಕರೆಯಬಹುದು.

ಚೆಂಡು ಕೈತಪ್ಪಿದೊಡನೆ ತಮ್ಮ ಗೋಲಿನ ಕಡೆಗೆ ಹಿಂದಿರುಗುವುದು ವಾಡಿಕೆಯ ಕ್ರಮ. ಈ ವ್ಯೂಹದಲ್ಲಿ ಹಾಗಲ್ಲ. ಹತ್ತಿರವಿರುವ ಮೂವರು ನಾಲ್ವರು ಆ ಕ್ಷಣದಲ್ಲಿಯೇ ಚೆಂಡಿನವನನ್ನು ಸುತ್ತುಗಟ್ಟುತ್ತಾರೆ. ಚೆಂಡನ್ನು ಆಗತಾನೆ ಪಡೆದವನು ಇನ್ನೂ ತಲೆಯೆತ್ತಿ ನೋಡಿರುವುದಿಲ್ಲ. ಆಗ ಕಸಿದುಕೊಂಡರೆ ಎದುರಾಳಿಯ ಗೋಲು ಸಮೀಪದಲ್ಲಿಯೇ ಇರುತ್ತದೆ. 2019ರ ಮೇ 7ರಂದು ಲಿವರ್‌ಪೂಲ್ ತಂಡವು ಬಾರ್ಸಿಲೋನಾವನ್ನು 4-0ಯಿಂದ ಸೋಲಿಸಿದ ಪಂದ್ಯವನ್ನೇ ನೋಡಿ. ಎರಡನೆಯ ಗೋಲಿಗೆ ಮುನ್ನ ಅಲೆಕ್ಸಾಂಡರ್-ಆರ್ನಾಲ್ಡ್ ಬಲಬದಿಯಲ್ಲಿ ಚೆಂಡನ್ನು ಕಳೆದುಕೊಂಡನು. ಮರುಕ್ಷಣವೇ ಬೆನ್ನಟ್ಟಿ ಕಸಿದು ಒಳಕ್ಕೆ ಕಳುಹಿದನು. ವೈನಾಲ್ಡಮ್ ಗೋಲು ಹೊಡೆದನು.

ಇನ್ನು ದೋಷಗಳ ಮಾತು. ಮುಂದಿನವರು ನುಗ್ಗಿದಾಗ ನಡುವೆ ಬಿರುಕು ಬೀಳದಂತೆ ರಕ್ಷಕರೂ ಮೈದಾನದ ಮಧ್ಯಗೆರೆಯ ಸಮೀಪಕ್ಕೆ ಏರಬೇಕಾಗುತ್ತದೆ. ಅವರ ಬೆನ್ನ ಹಿಂದೆ ಬರೀ ಬಯಲು. ಸುತ್ತುಗಟ್ಟಿದವರನ್ನು ಒಂದೇ ಪಾಸಿನಿಂದ ದಾಟಿದ ಎದುರಾಳಿಗೆ ಆ ಬಯಲು ತೆರೆದ ಬಾಗಿಲು. ಅದೇ ಲಿವರ್‌ಪೂಲ್ ತಂಡ, ಇಂಗ್ಲೆಂಡಿನ ಚಾಂಪಿಯನ್ನರೆನಿಸಿದ್ದಾಗಲೇ, 2020ರ ಅಕ್ಟೋಬರ್ 4ರಂದು ಆಸ್ಟನ್ ವಿಲಾ ಎದುರು 7-2ರಿಂದ ಸೋತಿತು. ಮೇಲೇರಿ ನಿಂತ ರಕ್ಷಣೆಯ ಹಿಂಬದಿಗೆ ವಿಲಾದವರು ಮತ್ತೆ ಮತ್ತೆ ಓಡಿದರು.

ಎರಡನೆಯ ದೋಷ ಆಯಾಸ. ಕಂಪ್ಯೂಟರ್ ಆಟದಲ್ಲಿ ಒಬ್ಬೊಬ್ಬನ ಶ್ರಮಶೀಲತೆಗೂ ದಮ್ಮಿಗೂ 1ರಿಂದ 20ರವರೆಗೆ ಅಂಕವುಂಟು. ಅಂಕ ಕಡಿಮೆಯಿದ್ದವನು ಪಂದ್ಯದ ಕೊನೆಯ ಭಾಗದಲ್ಲಿ ಹಿಂದೆ ಬೀಳುತ್ತಾನೆ. ಒಬ್ಬನು ತಡವಾದರೂ ಸಾಕು, ಸುತ್ತುಗಟ್ಟು ಒಡೆಯಿತು. ವಾರಕ್ಕೆರಡು ಪಂದ್ಯಗಳು ಬಂದಾಗ ದಣಿದ ಕಾಲಿಗೆ ಪೆಟ್ಟಿನ ಭಯವೂ ಹೆಚ್ಚು. ಮೂರನೆಯದಾಗಿ, ಚೆಂಡನ್ನು ತಾನಾಗಿಯೇ ಬಿಟ್ಟುಕೊಟ್ಟು ಗೋಲಿನ ಮುಂದೆ ಗುಂಪಾಗಿ ನಿಲ್ಲುವ ತಂಡದೆದುರು ಬೆನ್ನಟ್ಟಲು ಏನೂ ಇರುವುದಿಲ್ಲ.

ಆದುದರಿಂದ ಈ ವ್ಯೂಹವನ್ನು ಆರಿಸುವ ಮೊದಲು ಮೂರನ್ನು ಪರೀಕ್ಷಿಸಬೇಕು: ರಕ್ಷಕರಿಗೆ ಹಿಂದಿರುಗಿ ಓಡುವ ವೇಗವಿದೆಯೆ? ಗೋಲ್‌ಕೀಪರನು ಮುಂದೆ ಬಂದು ಚೆಂಡನ್ನು ತಡೆಯಬಲ್ಲನೆ? ದಣಿದವರ ಸ್ಥಾನಕ್ಕೆ ಬರಲು ಸಮರ್ಥರು ಬೆಂಚಿನಲ್ಲಿದ್ದಾರೆಯೆ? ಎರಡು ಗೋಲು ಮುಂದಿದ್ದಾಗ ಒತ್ತಡವನ್ನು ತಗ್ಗಿಸಿ, ರಕ್ಷಕರನ್ನು ಹತ್ತು ಹೆಜ್ಜೆ ಹಿಂದಕ್ಕೆ ಕರೆಯುವುದು ಹೇಡಿತನವಲ್ಲ, ಮಿತವ್ಯಯ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಕಾಲ್ಚೆಂಡಿನ ತಂಡಕ್ಕೂ ಸಲ್ಲುತ್ತದೆ. ಮನೆಯ ಹುಡುಗನು ಮುಂದಿನ ಬಾರಿ ಸೋತು ವ್ಯೂಹವನ್ನು ಬೈದಾಗ, ತನ್ನ ಆಟಗಾರರ ದಮ್ಮಿನ ಅಂಕವನ್ನು ನೋಡಿದ್ದನೇ ಎಂದು ಕೇಳಿ ನೋಡಿ.