ಆಯನೂರಿಗೆ ತಪ್ಪಿದ ನೆರಳು

1980ನೆಯ ಇಸವಿಯ ಫೆಬ್ರವರಿ 16, ಶನಿವಾರ. ಮಾಘ ಮಾಸದ ಅಮಾವಾಸ್ಯೆ. ಅಂದು ಮಧ್ಯಾಹ್ನ ಮೂರೂವರೆ ಗಂಟೆ ಕಳೆದು ಕೆಲವು ನಿಮಿಷಗಳಾಗಿರುವಾಗ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ ಕಾರವಾರ, ಅಂಕೋಲೆಗಳ ಕರಾವಳಿಯನ್ನು ಮುಟ್ಟಿತು. ಅಲ್ಲಿಂದ ಘಟ್ಟವನ್ನೇರಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾಯ್ದು, ತೆಲುಗುನಾಡನ್ನು ಹಾದು, ಒಡಿಶಾದ ಕೋನಾರ್ಕದ ಬಳಿ ಬಂಗಾಳ ಕೊಲ್ಲಿಗೆ ಇಳಿಯಿತು. ಈ ಪಟ್ಟಿಯ ಅಗಲ ನೂರೈವತ್ತು ಕಿಲೋಮೀಟರುಗಳಿಗಿಂತ ಕಡಿಮೆ. ಅದರೊಳಗಿದ್ದವರಿಗೆ ಖಗ್ರಾಸ ಸೂರ್ಯಗ್ರಹಣ. ಹೊರಗಿದ್ದವರಿಗೆ ಬರಿಯ ಪಾರ್ಶ್ವಗ್ರಹಣ.

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಆಯನೂರು ಈ ಪಟ್ಟಿಯ ದಕ್ಷಿಣದ ಅಂಚಿನಿಂದ ಆಚೆಗೆ ಉಳಿಯಿತು. ಅಲ್ಲಿಯೂ ಸೂರ್ಯಬಿಂಬದ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಮುಚ್ಚಿತ್ತು. ಆದುದರಿಂದ ಆಯನೂರಿನವರು ಖಗ್ರಾಸ ಗ್ರಹಣವನ್ನು ಹೆಚ್ಚುಕಡಿಮೆ ಕಂಡಂತೆಯೇ ಆಯಿತೆಂದು ಯಾರಿಗಾದರೂ ತೋರಬಹುದು. ತರಗತಿಯಲ್ಲಿ ಈ ವಿಷಯ ಬಂದಾಗ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದೂ ಇದನ್ನೇ: ನೂರರಲ್ಲಿ ತೊಂಬತ್ತೆಂಟು ಅಂಕ ಬಂದರೆ ಅದು ನೂರಕ್ಕೆ ಸಮೀಪವಲ್ಲವೆ? ಪರೀಕ್ಷೆಯಲ್ಲಿ ಹೌದು, ಗ್ರಹಣದಲ್ಲಿ ಅಲ್ಲ. ಏಕೆಂಬುದನ್ನು ವಿಚಾರಿಸೋಣ.

ಸೂರ್ಯನ ವ್ಯಾಸ ಚಂದ್ರನ ವ್ಯಾಸದ ನಾನೂರರಷ್ಟು. ಸೂರ್ಯನ ದೂರವೂ ಚಂದ್ರನ ದೂರದ ಸುಮಾರು ನಾನೂರರಷ್ಟೇ. ಈ ಆಕಸ್ಮಿಕದಿಂದ ಇವೆರಡೂ ನಮ್ಮ ಕಣ್ಣಿಗೆ ಒಂದೇ ಅಳತೆಯ ಬಿಂಬಗಳಾಗಿವೆ. ಚಂದ್ರನ ಹಿಂದೆ ಚಾಚಿಕೊಂಡಿರುವ ದಟ್ಟ ನೆರಳು ಚೂಪಾಗುತ್ತ ಹೋಗುವ ಒಂದು ಶಂಕು. ಅದರ ಉದ್ದ ಸುಮಾರು 3,75,000 ಕಿಲೋಮೀಟರು. ಚಂದ್ರನ ದೂರವಾದರೋ ಸ್ಥೂಲವಾಗಿ 3,56,000 ಮತ್ತು 4,07,000 ಕಿಲೋಮೀಟರುಗಳ ನಡುವೆ ಹಿಗ್ಗಿ ಕುಗ್ಗುತ್ತಿರುತ್ತದೆ. ಹತ್ತಿರವಿದ್ದಾಗ ಶಂಕುವಿನ ಮೊನೆ ನೆಲವನ್ನು ಮುಟ್ಟುತ್ತದೆ, ಆಗ ಖಗ್ರಾಸ. ದೂರವಿದ್ದಾಗ ಮೊನೆ ಆಕಾಶದಲ್ಲಿಯೇ ಮುಗಿದು ಸೂರ್ಯ ಬಳೆಯಂತೆ ಉಳಿಯುತ್ತಾನೆ. ಅದು ಕಂಕಣ ಗ್ರಹಣ. ಭೂಮಿಯ ಯಾವುದೇ ಒಂದು ಊರಿನ ಮೇಲೆ ಈ ಮೊನೆ ಹಾಯುವುದು ಸರಾಸರಿ 375 ವರ್ಷಗಳಿಗೆ ಒಮ್ಮೆ.

ಈಗ ಇಬ್ಬರು ವೀಕ್ಷಕರನ್ನು ಕಲ್ಪಿಸಿಕೊಳ್ಳೋಣ. ಅಂದು ಒಬ್ಬನು ಅಂಕೋಲೆಯ ಕಡಲತಡಿಯಲ್ಲಿ ನಿಂತಿದ್ದಾನೆ. ಇನ್ನೊಬ್ಬನು ಆಯನೂರಿನ ಒಂದು ಅಡಕೆ ತೋಟದಲ್ಲಿ. ಪಂಚಾಂಗದವರು ಸ್ಪರ್ಶವೆಂದು ಕರೆಯುವ ಮೊದಲ ತಾಗುವಿಕೆಯಾಗಿ ಒಂದು ಗಂಟೆಯವರೆಗೂ ಇಬ್ಬರ ಅನುಭವವೂ ಒಂದೇ. ಸೂರ್ಯನ ಅರ್ಧ ಮುಚ್ಚಿದರೂ ಹಗಲು ಹಗಲಾಗಿಯೇ ಇರುತ್ತದೆ. ಕಣ್ಣಿನ ಪಾಪೆ ಹಿಗ್ಗಿ ಕೊರತೆಯನ್ನು ತುಂಬಿಬಿಡುತ್ತದೆ. ಮುಕ್ಕಾಲು ಮುಚ್ಚಿದ ಮೇಲೆ ಬಿಸಿಲಿನ ಕಾವು ಇಳಿಯುತ್ತದೆ. ಮರಗಳ ಕೆಳಗೆ, ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಬೊಟ್ಟುಗಳೆಲ್ಲವೂ ಕುಡುಗೋಲಿನ ಆಕಾರ ತಾಳುತ್ತವೆ. ಒಂದೊಂದು ಸಂದೂ ಒಂದೊಂದು ಸೂಜಿರಂಧ್ರ ಕ್ಯಾಮರಾ. ಬೆಳಕು ಮಂಕಾಗುತ್ತದೆ, ಆದರೆ ಸಂಜೆಯಂತೆ ಕೆಂಪಾಗುವುದಿಲ್ಲ. ಸಂಜೆಯ ಕಿರಣಗಳು ದಪ್ಪನಾದ ಗಾಳಿಯ ಪದರವನ್ನು ಹಾದು ಬರುವುದರಿಂದ ಅವುಗಳಲ್ಲಿ ನೀಲಿ ಚೆದರಿ ಕೆಂಪು ಉಳಿಯುತ್ತದೆ. ಇಲ್ಲಿ ಸೂರ್ಯ ಇನ್ನೂ ಮೇಲಿದ್ದಾನೆ. ದೀಪದ ಬತ್ತಿಯನ್ನು ಯಾರೋ ತಗ್ಗಿಸಿದಂತೆ ಕಾಣುವ ಈ ಬೆಳಕಿಗೆ ನಮ್ಮ ನಿತ್ಯದ ಅನುಭವದಲ್ಲಿ ಹೋಲಿಕೆಯಿಲ್ಲ.

ಕೊನೆಯ ಒಂದೆರಡು ನಿಮಿಷಗಳಲ್ಲಿ ಇಬ್ಬರ ದಾರಿಗಳೂ ಬೇರೆಯಾಗುತ್ತವೆ. ಆಯನೂರಿನಲ್ಲಿ ಸೂರ್ಯ ತೆಳುವಾದ ಗೆರೆಯಾಗಿ, ಆ ಗೆರೆ ಅಳಿಯದೆ, ಮತ್ತೆ ದಪ್ಪವಾಗತೊಡಗುತ್ತದೆ. ಬೆಳಕು ಬಾಡಿತು, ಬೆಳಕು ಮರಳಿತು, ಅಷ್ಟೆ.

ಅಂಕೋಲೆಯಲ್ಲಿ ಆ ಗೆರೆ ಹರಿಯುತ್ತದೆ. ಚಂದ್ರನ ಅಂಚು ನುಣುಪಾಗಿಲ್ಲ, ಬೆಟ್ಟ ಕಣಿವೆಗಳಿಂದ ಕೂಡಿದೆ. ಕಣಿವೆಗಳ ಮೂಲಕ ಕೊನೆಯ ಬೆಳಕು ಮಣಿಗಳಂತೆ ಹೊಳೆಯುತ್ತದೆ. 1836ರಲ್ಲಿ ಇವನ್ನು ವಿವರಿಸಿದ ಫ್ರಾನ್ಸಿಸ್ ಬೇಲಿಯ ಹೆಸರಿನಿಂದ ಇವಕ್ಕೆ ಬೇಲಿಯ ಮಣಿಗಳೆಂದು ಹೆಸರು. ಮಣಿಗಳೂ ಒಂದೊಂದಾಗಿ ಆರಿ ಕೊನೆಗೆ ಒಂದೇ ಒಂದು ಉಳಿದಾಗ ವಜ್ರದುಂಗುರ. ನಮ್ಮ ಪಂಚಾಂಗಗಳಲ್ಲಿ ನಿಮೀಲನವೆಂಬ ಸೊಗಸಾದ ಮಾತಿದೆ. ಕಣ್ಣು ಮುಚ್ಚುವುದೆಂದು ಅದರ ಅರ್ಥ. ಸೂರ್ಯನ ಕಣ್ಣು ಮುಚ್ಚುವ ಆ ಕ್ಷಣದಲ್ಲಿ ಪಡುವಣ ಕಡಲಿನ ಮೇಲಿಂದ ಶಬ್ದಕ್ಕಿಂತಲೂ ವೇಗವಾಗಿ ನೆರಳು ಬಂದು ಕವಿಯುತ್ತದೆ. ಆಕಾಶ ಕಡುನೀಲಿಯಾಗಿ ಶುಕ್ರ ಬೆಳಗುತ್ತದೆ. ಸುತ್ತಲೂ, ಎಲ್ಲ ದಿಕ್ಕುಗಳಲ್ಲಿಯೂ, ದಿಗಂತದಲ್ಲಿ ಸಂಜೆಯ ಕೆಂಪು. ನೆರಳಿನಾಚೆಯ ಊರುಗಳ ಹಗಲು ಅದು. ಸೂರ್ಯನಿದ್ದ ಎಡೆಯಲ್ಲಿ ಒಂದು ಕಪ್ಪು ತಟ್ಟೆ, ಅದರ ಅಂಚಿನಲ್ಲಿ ವರ್ಣಗೋಳದ ಗುಲಾಬಿ ಕೆಂಪು, ಹೊರಗೆ ಎಲ್ಲೆಡೆಗೂ ಹರಡಿದ ಮುತ್ತಿನ ಬಣ್ಣದ ಕಿರೀಟ: ಕರೋನ. 1980 ಸೂರ್ಯಕಲೆಗಳು ಉಚ್ಚಸ್ಥಿತಿಯಲ್ಲಿದ್ದ ಕಾಲ. ಅಂಥ ಕಾಲದಲ್ಲಿ ಕಿರೀಟದ ಎಳೆಗಳು ಎಲ್ಲ ಕಡೆಗೂ ಸಮನಾಗಿ ಚಾಚುತ್ತವೆ. ಮೂರು ನಿಮಿಷಗಳೊಳಗೆ ಉನ್ಮೀಲನ. ಇನ್ನೊಂದು ಬದಿಯಲ್ಲಿ ವಜ್ರ ಹೊಳೆದು ಎಲ್ಲವೂ ಮುಗಿಯುತ್ತದೆ.

ಆಯನೂರಿನ ಆಕಾಶದಲ್ಲಿಯೂ ಕಿರೀಟ ಇದ್ದೇ ಇತ್ತು. ಅದೇಕೆ ಕಾಣಲಿಲ್ಲ? ಲೆಕ್ಕ ಹಾಕಿ ನೋಡೋಣ. ಸೂರ್ಯನ ಬೆಳಕು ಹುಣ್ಣಿಮೆಯ ಚಂದ್ರನ ಬೆಳಕಿನ ಸುಮಾರು ನಾಲ್ಕು ಲಕ್ಷದಷ್ಟು. ಇಡಿಯ ಕಿರೀಟದ ಬೆಳಕಾದರೋ ಒಂದು ಹುಣ್ಣಿಮೆ ಚಂದ್ರನ ಅರ್ಧದಷ್ಟು. ಸೂರ್ಯಬಿಂಬದ ನೂರರಲ್ಲಿ ಒಂದೇ ಪಾಲು ಉಳಿದರೂ ಅದು ನಾಲ್ಕು ಸಾವಿರ ಹುಣ್ಣಿಮೆಗಳ ಬೆಳಕು. ಬಿಂಬದ ಅಂಚು ನಡುವಿಗಿಂತ ಮಬ್ಬಾದುದರಿಂದ ಅರ್ಧಕ್ಕಿಳಿಸಿದರೂ ಎರಡು ಸಾವಿರ. ಕಿರೀಟಕ್ಕೆ ಹೋಲಿಸಿದರೆ ನಾಲ್ಕು ಸಾವಿರ ಪಟ್ಟು! ಈ ಬೆಳಕು ಗಾಳಿಯಲ್ಲಿ ಚೆದರಿ ಆಕಾಶವನ್ನೆಲ್ಲ ಬೆಳಗುವಾಗ ಕಿರೀಟ ಕಾಣುವುದೆಂತು? ತೊಂಬತ್ತೊಂಬತ್ತಕ್ಕೂ ನೂರಕ್ಕೂ ನಡುವೆ ಇರುವುದು ಒಂದು ಅಂಕವಲ್ಲ. ಹಗಲಿಗೂ ಇರುಳಿಗೂ ಇರುವ ಅಂತರ.

ಈ ಲೆಕ್ಕದಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಕಿರೀಟವನ್ನು ಬರಿಗಣ್ಣಿನಿಂದ ನೋಡಬಹುದು. ಅದು ಹುಣ್ಣಿಮೆಗಿಂತಲೂ ಸೌಮ್ಯ. ಆದರೆ ಉಳಿದ ಗೆರೆ ಎಷ್ಟೇ ತೆಳುವಾಗಿರಲಿ, ಅದರ ಒಂದೊಂದು ಬಿಂದುವೂ ಪ್ರಖರವಾಗಿಯೇ ಇರುತ್ತದೆ. ಕಣ್ಣಿನ ಮಸೂರ ಅದನ್ನು ಅಕ್ಷಿಪಟದ ಮೇಲೆ ಕೇಂದ್ರೀಕರಿಸಿ ಸುಡಬಲ್ಲುದು. ಅಕ್ಷಿಪಟಕ್ಕೆ ನೋವು ತಿಳಿಯದಾದುದರಿಂದ ಸುಟ್ಟುದು ಆಗಲೇ ಗೊತ್ತಾಗುವುದೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಅರಿಶಿನದ ನೀರಿನಲ್ಲಿ, ಸಗಣಿ ನೀರಿನಲ್ಲಿ ಗ್ರಹಣದ ಬಿಂಬ ನೋಡುವ ರೂಢಿಯುಂಟು. ನಡುಹಗಲಿನ ಸೂರ್ಯನ ಬೆಳಕಿನಲ್ಲಿ ನೀರು ಪ್ರತಿಫಲಿಸುವುದು ನೂರಕ್ಕೆ ಎರಡು ಮೂರು ಪಾಲು. ಸುರಕ್ಷಿತವಾಗಿ ನೋಡಲು ಬೆಳಕು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯಬೇಕು. ಮಸಿ ಹಿಡಿಸಿದ ಗಾಜು, ಎಕ್ಸ್-ರೇ ಫಿಲ್ಮುಗಳನ್ನೂ ನಂಬುವಂತಿಲ್ಲ. ಗ್ರಹಣಕ್ಕೆಂದೇ ಮಾಡಿದ, ಪರೀಕ್ಷಿತವಾದ ಕನ್ನಡಕ ಬೇಕು. ಇಲ್ಲವೆ ರಟ್ಟಿನಲ್ಲಿ ಸೂಜಿರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ, ಬಿಳಿಯ ಕಾಗದದ ಮೇಲೆ ಬಿದ್ದ ಬಿಂಬವನ್ನು ನೋಡಬೇಕು. ಅಂದು ಅಂಕೋಲೆಯವನಿಗೆ ಕನ್ನಡಕ ತೆಗೆಯಲು ಮೂರು ನಿಮಿಷಕ್ಕೂ ಕಡಿಮೆ ಅವಕಾಶವಿತ್ತು. ಆಯನೂರಿನವನಿಗೆ ಒಂದು ಕ್ಷಣವೂ ಇರಲಿಲ್ಲ.

ಇಷ್ಟು ಕಿರಿದಾದ ಅವಕಾಶಕ್ಕಾಗಿ ವಿಜ್ಞಾನಿಗಳು ಖಂಡಗಳನ್ನು ದಾಟಿ ನಮ್ಮ ನಾಡಿಗೆ ಬಂದಿದ್ದಾರೆ. 1868ರ ಆಗಸ್ಟ್ 18ರಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ರೋಹಿತದರ್ಶಕವನ್ನು ಹಿಡಿದು, ಸೂರ್ಯನ ಅಂಚಿನ ಕೆಂಪು ಜ್ವಾಲೆಗಳು ಉಜ್ಜ್ವಲ ರೇಖೆಗಳನ್ನು ತೋರುವುದನ್ನು ಕಂಡ. ಅವು ಅನಿಲಗಳೆಂಬುದು ಅದರಿಂದ ತಿಳಿಯಿತು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ಜಾನ್ಸೆನ್ ನೋಡಿದ. ಆ ವರ್ಷ ಗುರುತಿಗೆ ಬಂದ ಹಳದಿ ರೇಖೆಯೊಂದು ಹೀಲಿಯಮ್ ಎಂಬ ಧಾತುವಿಗೆ ಹೆಸರು ಕೊಟ್ಟಿತು. 1895ರಲ್ಲಿ ರ‍್ಯಾಮ್ಸೇ ಅದನ್ನು ಭೂಮಿಯ ಮೇಲೆಯೇ ಪತ್ತೆಹಚ್ಚಿದ. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಲಾಕ್ಯರನ ತಂಡ ಕಾಸರಗೋಡಿನ ಬೇಕಲಕ್ಕೆ ಬಂದಿತ್ತು. 1980ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿತ್ತು. ಆಗ ಅದರ ನಿರ್ದೇಶಕರಾಗಿದ್ದವರು ವೇಣು ಬಾಪು.

ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಹೊರಗಿನ ಕಿರೀಟದ್ದು ಹತ್ತು ಲಕ್ಷಕ್ಕೂ ಮೇಲು. ಒಲೆಯಿಂದ ದೂರ ಹೋದಷ್ಟೂ ಕಾವು ಹೆಚ್ಚುವ ಈ ಸೋಜಿಗವನ್ನು ಬಿಡಿಸಲೆಂದೇ 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ಕೃತಕ ಗ್ರಹಣವನ್ನುಂಟುಮಾಡುವ ಉಪಕರಣವನ್ನು ಹೊತ್ತೊಯ್ದಿದೆ. ಅದು ಸಿದ್ಧವಾದುದು ಹೊಸಕೋಟೆಯಲ್ಲಿ.

1980ರ ಆ ಮಧ್ಯಾಹ್ನ ನಗರಗಳ ಬೀದಿಗಳು ಬರಿದಾಗಿದ್ದವು. ನೆರಳಿನ ಪಟ್ಟಿಯ ನಡುವೆಯೇ ಇದ್ದ ಎಷ್ಟೋ ಮಂದಿ ಬಾಗಿಲು ಮುಚ್ಚಿ ಕುಳಿತಿದ್ದರು. ಆಯನೂರಿನವನು ಅಂದು ನಸುಕಿನಲ್ಲಿ ಬಸ್ಸು ಹತ್ತಿದ್ದರೆ ಮಧ್ಯಾಹ್ನದೊಳಗೆ ಹುಬ್ಬಳ್ಳಿಯನ್ನು ತಲಪಬಹುದಿತ್ತು. ಆ ಪ್ರಯಾಣದ ಬೆಲೆ ಎಷ್ಟೆಂಬುದು ಮೇಲಿನ ಲೆಕ್ಕವನ್ನು ತಿಳಿದವನಿಗೆ ಮಾತ್ರ ಗೊತ್ತು.

ಗ್ರಹಣಗಳಿಗೂ ವಂಶಾವಳಿಯುಂಟು. ಹದಿನೆಂಟು ವರ್ಷ ಹನ್ನೊಂದು ದಿನಗಳ ಮೇಲೆ ದಿನದ ಮೂರನೆಯ ಒಂದು ಪಾಲು ಕಳೆದರೆ ಅದೇ ಬಗೆಯ ಗ್ರಹಣ ಮರಳುತ್ತದೆ. ಇದಕ್ಕೆ ಸಾರೋಸ್ ಚಕ್ರವೆಂದು ಹೆಸರು. ಆ ಹೆಚ್ಚಿನ ಮೂರನೆಯ ಒಂದು ಪಾಲಿನಲ್ಲಿ ಭೂಮಿ ತಿರುಗಿರುವುದರಿಂದ ನೆರಳು ಬೇರೆ ದೇಶದ ಮೇಲೆ ಬೀಳುತ್ತದೆ. ಮೂರು ಚಕ್ರಗಳಾದ ಮೇಲೆ ಮತ್ತೆ ನಮ್ಮ ಕಡೆಗೆ. 1980ರ ಗ್ರಹಣದ ಸಂತತಿ 1998ರಲ್ಲಿ, 2016ರಲ್ಲಿ ಪರದೇಶಗಳಲ್ಲಿ ಕಾಣಿಸಿತು. ಅದೇ ವಂಶದ ಮುಂದಿನ ಗ್ರಹಣ 2034ರ ಮಾರ್ಚ್ 20ರಂದು ಭಾರತಕ್ಕೆ ಮರಳಲಿದೆ. ಆದರೆ ಉತ್ತರಕ್ಕೆ ಸರಿದು, ಲಡಾಖಿನ ಬೆಟ್ಟಗಳ ಮೇಲೆ. ಅದಕ್ಕೆ ಮೊದಲು, 2031ರ ಮೇ 21ರಂದು, ಕೇರಳ ಮತ್ತು ತಮಿಳುನಾಡುಗಳ ಮೇಲೆ ಕಂಕಣ ಗ್ರಹಣವಿದೆ. ಅದನ್ನು ಮೊದಲಿಂದ ಕೊನೆಯವರೆಗೂ ಕನ್ನಡಕದ ಮೂಲಕವೇ ನೋಡಬೇಕು.

ಇಂದು ಪ್ರೌಢಶಾಲೆಯಲ್ಲಿ ಓದುತ್ತಿರುವವರು 2034ರ ಹೊತ್ತಿಗೆ ಸ್ವಂತ ಸಂಪಾದನೆಯಿಂದ ರೈಲಿನ ಟಿಕೆಟ್ಟು ಕೊಳ್ಳಬಲ್ಲವರಾಗಿರುತ್ತಾರೆ. ಆಗ ಯಾರಾದರೂ, ನಮ್ಮ ಊರಿನಲ್ಲಿಯೇ ಅಷ್ಟಿಷ್ಟು ಕಾಣುತ್ತದಂತೆ, ಅಷ್ಟು ದೂರವೇಕೆ ಎಂದು ಕೇಳಿದರೆ, ಒಂದು ತುಂಡು ಕಾಗದವನ್ನು ತೆಗೆದುಕೊಂಡು ಹುಣ್ಣಿಮೆಗಳ ಲೆಕ್ಕವನ್ನು ಅವರಿಗೆ ಬರೆದು ತೋರಿಸಲಿ. ನೆರಳು ನಮ್ಮ ಊರಿಗೆ ಬರುವವರೆಗೆ ಕಾದರೆ ಮುನ್ನೂರು ವರ್ಷಗಳಾಗಬಹುದು. ನಾವೇ ನೆರಳಿರುವಲ್ಲಿಗೆ ಹೋಗಬೇಕು.